ಫ್ರೀಜ್ ಮಾಡಿಟ್ಟ ಪ್ಲಾಸ್ಮಾದಲ್ಲಿ (ರಕ್ತದ ದ್ರವ ಭಾಗ) ಫ್ಯಾಕ್ಟರ್ 8, ಅಂದರೆ ರಕ್ತ ಕ್ಲಾಟ್ ಆಗಲು ಬೇಕಾದ ಒಂದು ಪ್ರೋಟೀನ್, ಅರ್ಧಕ್ಕರ್ಧ ಕಡಿಮೆ ಬರುತ್ತಿದೆ. ಚೀಲ ಚೀಲಗಳನ್ನು ಹೋಲಿಸಿ ಸರಾಸರಿ ತೆಗೆದು ನೋಡುತ್ತಿದ್ದೇವೆ. ಪರೀಕ್ಷಾ ಕಿಟ್ ಬದಲಿಸಲೇ, ಫ್ರೀಜರ್ ಬದಲಿಸಲೇ?

ಎರಡೂ ಬೇಡ. "ಹಿಂದಿನ ಸಂಜೆಯೇ ವೈಯಲ್‌ಗಳನ್ನು (ಸಣ್ಣ ಸೀಸೆ) ಫ್ರಿಜ್‌ಗೆ ಇಳಿಸುತ್ತೇವೆ, ಬೆಳಿಗ್ಗೆ ಕರಗಿರುತ್ತವೆ" ಎಂದು ಪ್ರಶ್ನೆಯ ಕೊನೆಗೆ ಬರೆದಿದ್ದೀರಲ್ಲ, ರೋಗ ಇರುವುದು ಅಲ್ಲಿ. ನಾನೂ ಅದನ್ನೇ ಮಾಡಿದ್ದೆ.

(ಕನ್ನಡದಲ್ಲಿ ಕ್ಲಾಟ್ ಆಗುವುದೂ ಹೆಪ್ಪುಗಟ್ಟುವುದೇ, ಫ್ರೀಜ್ ಆಗುವುದೂ ಹೆಪ್ಪುಗಟ್ಟುವುದೇ. ಗೊಂದಲ ಬೇಡವೆಂದು ಇಲ್ಲಿ ಫ್ರೀಜ್ ಎಂದೇ ಬರೆಯುತ್ತೇನೆ.)

ನನ್ನದು ಎಫ್‌ಎಫ್‌ಪಿ (ತಾಜಾ ಇರುವಾಗಲೇ ಫ್ರೀಜ್ ಮಾಡಿದ ಪ್ಲಾಸ್ಮಾ) ಚೀಲಗಳ ಗುಣಮಟ್ಟದ ಅಧ್ಯಯನ. 60 ಮಾದರಿ, ತಲಾ ಒಂದೇ ವೈಯಲ್, ಮೈನಸ್ 80 ಡಿಗ್ರಿಯಲ್ಲಿ. ಮೊದಲ ಬ್ಯಾಚನ್ನು ರಾತ್ರಿ 4 ಡಿಗ್ರಿಗೆ ಇಳಿಸಿದೆ. ಬೆಳಿಗ್ಗೆ ತಳದಲ್ಲಿ ಬಿಳಿ ಎಳೆಗಳಿದ್ದವು. ಕಸ ಅಂದುಕೊಂಡೆ. ಯಂತ್ರದ ಪ್ರೋಬ್ (ಮಾದರಿ ಹೀರುವ ಸೂಜಿ) ಕಟ್ಟಿಕೊಂಡೀತೆಂದು ಸೆಂಟ್ರಿಫ್ಯೂಜ್ ಮಾಡಿ, ಅಂದರೆ ವೇಗವಾಗಿ ತಿರುಗಿಸಿ ಎಳೆಗಳನ್ನು ತಳಕ್ಕೆ ಕೂರಿಸಿ, ಮೇಲಿನ ತಿಳಿಯನ್ನಷ್ಟೇ ಪರೀಕ್ಷೆಗೆ ಹಾಕಿದೆ.

ಆ ಎಳೆಗಳೇ ಕ್ರಯೊಪ್ರೆಸಿಪಿಟೇಟ್. 1964ರಲ್ಲಿ ಸ್ಟ್ಯಾನ್‌ಫರ್ಡ್‌ನ ವಿಜ್ಞಾನಿ ಜೂಡಿತ್ ಪೂಲ್ ತೋರಿಸಿಕೊಟ್ಟದ್ದೂ ಇದನ್ನೇ: ಫ್ರೀಜ್ ಆದ ಪ್ಲಾಸ್ಮಾವನ್ನು ತಂಪಿನಲ್ಲೇ ನಿಧಾನವಾಗಿ ಕರಗಿಸಿದರೆ ಫ್ಯಾಕ್ಟರ್ 8ರ ದೊಡ್ಡ ಪಾಲು ಕರಗದೆ ತಳ ಸೇರುತ್ತದೆ. ಫೈಬ್ರಿನೋಜೆನ್, ವಾನ್ ವಿಲ್ಲೆಬ್ರಾಂಡ್ ಫ್ಯಾಕ್ಟರ್, ಫ್ಯಾಕ್ಟರ್ 13 ಎಂಬ ಬೇರೆ ಕ್ಲಾಟ್ ಪ್ರೋಟೀನ್‌ಗಳು ಕೂಡ ಅದರ ಜೊತೆಗೇ ಹೋಗುತ್ತವೆ. ರಕ್ತನಿಧಿಯವರು 1ರಿಂದ 6 ಡಿಗ್ರಿಯಲ್ಲಿ ಚೀಲ ಕರಗಿಸಿ, ತಿರುಗಿಸಿ, ತಿಳಿಯನ್ನು ಬೇರೆ ಮಾಡಿ ತಳವನ್ನು ಜೋಪಾನ ಮಾಡುತ್ತಾರೆ. ನಾನು ತಿಳಿಯನ್ನು ಜೋಪಾನ ಮಾಡಿ ತಳ ಎಸೆದೆ. ಎಳೆ ಕಂಡಾಗ ಸೆಂಟ್ರಿಫ್ಯೂಜ್ ಮುಟ್ಟದೆ 37 ಡಿಗ್ರಿ ನೀರಿಗೆ ಹಾಕಿ ಮೆಲ್ಲಗೆ ತಿರುವಿದ್ದರೆ ಬಹುಪಾಲು ಮತ್ತೆ ಕರಗುತ್ತಿತ್ತು.

ಮುಂದಿನ ಬ್ಯಾಚಿಗೆ ನಿಮ್ಮ ಹಾಗೇ ಯೋಚಿಸಿ ಹೊಸ ಕಿಟ್ ತರಿಸಿದೆ. ಕರಗಿಸಿದ್ದು ಮಾತ್ರ ಅದೇ ಫ್ರಿಜ್‌ನಲ್ಲಿ. ಅಂಕಿಗಳೂ ಅವೇ ಬಂದವು. ಎರಡನೇ ವೈಯಲ್ ಇಲ್ಲದ್ದರಿಂದ 60ಕ್ಕೆ 60 ಹೋಯಿತು.

ಸುಳಿವು ಕಣ್ಣೆದುರೇ ಇತ್ತು. ಫ್ಯಾಕ್ಟರ್ 8 ಮತ್ತು ಫೈಬ್ರಿನೋಜೆನ್ ಇಳಿದಿದ್ದವು, ಫ್ಯಾಕ್ಟರ್ 9 ಸರಿಯಾಗಿಯೇ ಇತ್ತು. 9 ತಿಳಿಯಲ್ಲೇ ಉಳಿಯುವುದರಿಂದ ಈ ಜೋಡಿ ಕಂಡರೆ ಮೊದಲ ಅನುಮಾನ ಕರಗಿಸಿದ ರೀತಿಯ ಮೇಲಿರಲಿ. ಫೈಬ್ರಿನೋಜೆನ್ ಸರಿಯಿದ್ದು, ಬೇಗ ಕೆಡುವ ಫ್ಯಾಕ್ಟರ್ 5 ಮತ್ತು 8 ಮಾತ್ರ ಇಳಿದಿದ್ದರೆ ಫ್ರೀಜ್ ಮಾಡುವ ಮೊದಲು ತಡವಾಗಿದೆ. ಎಲ್ಲವೂ ಒಂದೇ ಸಮ ಇಳಿದಿದ್ದರೆ ಸಿಟ್ರೇಟ್ (ರಕ್ತ ಕ್ಲಾಟ್ ಆಗದಂತೆ ಟ್ಯೂಬಿನಲ್ಲಿರುವ ದ್ರವ) ಹೆಚ್ಚಾಗಿದೆ, ಅಂದರೆ ಟ್ಯೂಬ್ ಅರೆಬರೆ ತುಂಬಿದೆ.

ನಾನೀಗ ಮಾಡುವುದು ಹೀಗೆ. 3.2% ಸಿಟ್ರೇಟ್ ಟ್ಯೂಬಿಗೆ 0.3 ಮಿ.ಲೀ. ಸಿಟ್ರೇಟ್‌ಗೆ ಸರಿಯಾಗಿ 2.7 ಮಿ.ಲೀ. ರಕ್ತ, ನಾಲ್ಕೈದು ಸಲ ಮೆಲ್ಲಗೆ ತಲೆಕೆಳಗು, ಕುಲುಕುವಂತಿಲ್ಲ. ಪ್ಲಾಸ್ಮಾ ಬೇರ್ಪಡಿಸುವ ಮೊದಲು ಟ್ಯೂಬನ್ನು ಫ್ರಿಜ್‌ನಲ್ಲಿಡುವುದೂ ಇಲ್ಲ: ತಂಪಿಗೆ ಫ್ಯಾಕ್ಟರ್ 7 ಚುರುಕಾಗುತ್ತದೆ, 8 ಕುಸಿಯುತ್ತದೆ. 1500 ಜಿ ಬಲದಲ್ಲಿ (ಗುರುತ್ವದ 1500 ಪಟ್ಟು) 15 ನಿಮಿಷ ತಿರುಗಿಸಿ, ಕೆಂಪು ಕಣಗಳ ಮೇಲಿನ ಬಿಳಿ ಪದರದ ಮೇಲೆ ಸುಮಾರು ಅರ್ಧ ಸೆಂ.ಮೀ. ಬಿಟ್ಟು ಪ್ಲಾಸ್ಮಾ ತೆಗೆದು, ಪ್ಲಾಸ್ಟಿಕ್ ಟ್ಯೂಬಿನಲ್ಲಿ ಇನ್ನೊಮ್ಮೆ ಅಷ್ಟೇ ಹೊತ್ತು. ಪ್ಲೇಟ್‌ಲೆಟ್ ಉಳಿದರೆ ಫ್ರೀಜ್ ಆದಾಗ ಒಡೆದು ತಮ್ಮ ಪೊರೆಯ ಕೊಬ್ಬಾದ ಫಾಸ್ಫೋಲಿಪಿಡ್ ಬಿಡುತ್ತವೆ. ಆಗ ಕ್ಲಾಟ್ ಆಗುವ ಸಮಯ ಅಳೆಯುವ ಎಪಿಟಿಟಿ ಪರೀಕ್ಷೆ ಸುಳ್ಳು ಹೇಳುತ್ತದೆ. "3000 ಆರ್‌ಪಿಎಂ" (ನಿಮಿಷಕ್ಕೆ ಇಷ್ಟು ಸುತ್ತು) ಎಂದಷ್ಟೇ ಬರೆದಿಡಬೇಡಿ: ರೋಟರ್ ತ್ರಿಜ್ಯ 15 ಸೆಂ.ಮೀ. ಇದ್ದರೆ 1500 ಜಿಗೆ ಅದು ಸರಿ, 10 ಸೆಂ.ಮೀ. ಇದ್ದರೆ ಸುಮಾರು 3660 ಬೇಕು.

ಆ ಪ್ಲಾಸ್ಮಾವನ್ನು ಮೂರು ವೈಯಲ್‌ಗೆ ಹಂಚಿ ಫ್ರೀಜ್ ಮಾಡುತ್ತೇನೆ, ಒಂದೇ ಅಲ್ಲ. ಕರಗಿಸುವುದು 37 ಡಿಗ್ರಿ ವಾಟರ್ ಬಾತ್‌ನಲ್ಲಿ, ಪ್ಲಾಸ್ಮಾ ಪೂರ್ತಿ ಮುಳುಗುವಂತೆ, 5 ನಿಮಿಷ. ಬೇಗ ಕರಗಲಿ ಎಂದು ಇನ್ನೂ ಬಿಸಿ ಮಾಡಿದರೆ ಫ್ಯಾಕ್ಟರ್ 8 ಸಾಯುತ್ತದೆ. ಮೆಲ್ಲಗೆ ತಿರುವಿ, ತಕ್ಷಣ ಪರೀಕ್ಷೆ. ಉಳಿದದ್ದನ್ನು ಮತ್ತೆ ಫ್ರೀಜ್ ಮಾಡುವ ಮಾತೇ ಇಲ್ಲ.

ನೀವು ಚೀಲ ಚೀಲಗಳನ್ನು ಹೋಲಿಸಿ ಸರಾಸರಿ ತೆಗೆಯುತ್ತಿರುವುದೂ ನನಗೆ ಒಪ್ಪಿಗೆಯಿಲ್ಲ. ಓ ಗುಂಪಿನ ದಾನಿಗಳಲ್ಲಿ ಫ್ಯಾಕ್ಟರ್ 8 ಹುಟ್ಟಿನಿಂದಲೇ ಉಳಿದವರಿಗಿಂತ ಸುಮಾರು ಕಾಲು ಭಾಗ ಕಡಿಮೆ. ಒಂದು ತಿಂಗಳು ಓ ಚೀಲಗಳೇ ಹೆಚ್ಚು ಬಂದರೆ ನಿಮ್ಮ ಫ್ರೀಜರ್ ಸುಮ್ಮನೆ ಬೈಸಿಕೊಳ್ಳುತ್ತದೆ. ಪ್ರತಿ ಚೀಲವನ್ನೂ ಅದರದೇ ಮೊದಲ ದಿನದ ಅಂಕಿಗೆ ಹೋಲಿಸಿ.

ಹೊಸ ಕಿಟ್‌ಗೆ ಅರ್ಜಿ ಹಾಕುವ ಮೊದಲು ಒಂದೇ ಪ್ಲಾಸ್ಮಾದ ಎರಡು ವೈಯಲ್ ತೆಗೆದುಕೊಳ್ಳಿ. ಒಂದನ್ನು 37ರಲ್ಲಿ ಕರಗಿಸಿ, ಇನ್ನೊಂದನ್ನು ಇಡೀ ರಾತ್ರಿ ಫ್ರಿಜ್‌ನಲ್ಲಿ. ಎರಡರಲ್ಲೂ 8 ಮತ್ತು 9 ಅಳೆದು, ನಾಲ್ಕು ಅಂಕಿಗಳನ್ನು ಇಲ್ಲೇ ಕೆಳಗೆ ಹಾಕಿ.