ಹೊಡೆಯುವ ಗಂಡನನ್ನು ಬಿಟ್ಟುಬಿಡಿ ಎಂದು ಆಶ್ರಯ ಕೇಂದ್ರದ ಆಪ್ತಸಮಾಲೋಚಕಿ ಯಾಕೆ ನೇರವಾಗಿ ಹೇಳುವುದಿಲ್ಲ?

ದುಡುಕಿ ಹಾಗೆ ಹೇಳಿದರೆ ಹೊಡೆತ ತಿನ್ನುತ್ತಿರುವ ಹೆಂಗಸಿನ ಜೀವಕ್ಕೇ ಅಪಾಯ ಆಗಬಹುದು, ಅದಕ್ಕೆ.

ಇಂಥ ಮನೆಗಳಲ್ಲಿ ಹೊಡೆತದ ಹಿಂದೆ ಇರುವುದು ಹಿಡಿತ. ಆಕೆ ಯಾರ ಜೊತೆ ಮಾತಾಡಬೇಕು, ಕೈಯಲ್ಲಿ ಎಷ್ಟು ದುಡ್ಡಿರಬೇಕು, ಎಲ್ಲ ಅವನದೇ ತೀರ್ಮಾನ. ಆಕೆ ಹೊರಟಳು ಅಂದ ಕೂಡಲೇ ಆ ಹಿಡಿತ ಕೈತಪ್ಪುತ್ತದೆ. ಹಾಗಾಗಿ ಮನೆ ಬಿಡುವ ಹೊತ್ತಿನಲ್ಲಿ, ಬಿಟ್ಟ ಹೊಸತರಲ್ಲಿ ಹಲ್ಲೆ, ಕೊಲೆಯ ಅಪಾಯ ಜಾಸ್ತಿ. ಅವನು ಯಾವಾಗ ಕೆರಳುತ್ತಾನೆ ಅನ್ನುವುದು ಆಕೆಗೆ ಗೊತ್ತಿರುವಷ್ಟು ಸಮಾಲೋಚಕಿಯರಾದ ನಮಗೆ ಗೊತ್ತಿರುವುದಿಲ್ಲ, ಅಲ್ವಾ?

ಅದಕ್ಕೇ ಮೊದಲು ಕೇಳುವುದೇ ಬೇರೆ. ಗಾಯ ಆಗಿದೆಯಾ? ಮಕ್ಕಳು ಎಲ್ಲಿದ್ದಾರೆ? ನಿಮ್ಮ ಗಂಡ ಯಾವತ್ತಾದರೂ ನಿಮ್ಮ ಕತ್ತು ಹಿಸುಕಿದ್ದಾರಾ? ಈ ಕೊನೆಯದಕ್ಕೆ ಹೌದು ಎಂದರೆ ನಮಗೆ ಗಾಬರಿಯೇ ಆಗುತ್ತದೆ. ಕತ್ತು ಹಿಸುಕಿದವನು ಮುಂದೆ ಕೊಲ್ಲುವ ಸಾಧ್ಯತೆ ಬಹಳ ಹೆಚ್ಚು. ಹೊರಗೆ ಗುರುತು ಕಾಣದಿದ್ದರೂ ಒಳಗೆ ಪೆಟ್ಟಾಗಿರಬಹುದು, ಡಾಕ್ಟರಿಗೆ ತೋರಿಸಲೇಬೇಕು.

ವಾಪಸ್ ಹೋಗ್ತೀನಿ ಅಂದವರನ್ನೂ ಸುಮ್ನೆ ಕಳಿಸುವುದಿಲ್ಲ. ಆಧಾರ್, ಪಾಸ್‌ಬುಕ್ಕಿನ ಜೆರಾಕ್ಸ್ ನಂಬಿಕೆಯವರ ಮನೆಯಲ್ಲಿ ಇಡಿಸುತ್ತೇವೆ. ಜಗಳ ಶುರುವಾದರೆ ಅಡುಗೆಮನೆಗೆ ಹೋಗಬೇಡಿ, ಅಲ್ಲಿ ಚಾಕು, ಸೀಮೆಎಣ್ಣೆ ಇರುತ್ತದೆ. ಬಾಗಿಲ ಹತ್ತಿರ ಇರಿ ಅನ್ನುತ್ತೇವೆ.

ಇನ್ನೊಂದು ವಿಷಯ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಲ್ಲಿ, ಮನೆ ಗಂಡನ ಹೆಸರಲ್ಲಿದ್ದರೂ ಹೆಂಡತಿಗೆ ಅಲ್ಲೇ ಇರುವ ಹಕ್ಕಿದೆ. ಬೇಕಾದರೆ ಅವನನ್ನೇ ಹೊರಗೆ ಹೋಗು ಎಂದು ಮ್ಯಾಜಿಸ್ಟ್ರೇಟ್ ಆದೇಶ ಕೊಡಬಹುದು. ಮಹಿಳಾ ಸಹಾಯವಾಣಿ 181. ಜೀವಕ್ಕೆ ಅಪಾಯ ಅನ್ನಿಸಿದರೆ ತಕ್ಷಣ 112.