ಎರೆ ಹೊಲದ ಬೇಲಿ: ಕಂಬ ಯಾಕೆ ವಾಲುತ್ತದೆ?

ಪ್ರಶ್ನೆ: ಎರೆ ಹೊಲದ ಸುತ್ತ ಕಟ್ಟಿಗೆ ಕಂಬ ನೆಟ್ಟು ನಾಲ್ಕೆಳೆ ಮುಳ್ಳುತಂತಿ ಎಳೆಸಿದ್ದೆವು. ಎರಡನೇ ಮಳೆಗಾಲಕ್ಕೇ ಮೂಲೆ ಕಂಬಗಳು ಒಳಕ್ಕೆ ವಾಲಿ ತಂತಿ ಜೋತುಬಿದ್ದಿದೆ. ಬುಡಕ್ಕೆ ಕಾಂಕ್ರೀಟ್ ಹಾಕಿದರೆ ನಿಲ್ಲುತ್ತದೆಯೇ?
– ಓದುಗರು, ಚಿತ್ತಾಪುರ ತಾಲ್ಲೂಕು

ಉತ್ತರ: ಸಿಮೆಂಟು ತರುವ ಮೊದಲು ಗುಂಡಿ ಎಷ್ಟು ಆಳವಿದೆ ನೋಡಿ. ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ನೆಲಮಟ್ಟದಲ್ಲಿ ಅಗಲವಾಗಿ ಕಾಂಕ್ರೀಟ್ ಸುರಿದರೆ ಉಬ್ಬುವ ಮಣ್ಣು ಅದನ್ನೇ ಅಡಿಯಿಂದ ಎತ್ತುತ್ತದೆ. ಒಣಗಿದಾಗ ಸುತ್ತ ಸಂದು ಬಿಟ್ಟು, ಅಲ್ಲಿ ನೀರಿಳಿದು ಕಂಬದ ಕುತ್ತಿಗೆ ಕೊಳೆಯುತ್ತದೆ.

ಸಾಲಿನ ಕಂಬ ಎರಡೂವರೆ ಅಡಿ, ಮೂಲೆಯದು ಮೂರೂವರೆ ಅಡಿ ಹೂತಿರಲಿ. ಗುಂಡಿ ಕಿರಿದಾಗಿರಬೇಕು. ತೆಗೆದ ಮಣ್ಣನ್ನೇ ತುಂಬಬೇಡಿ. ಗರಸು ಮತ್ತು ಫರಸಿ ಚೂರು ಹಾಕಿ, ಅರ್ಧ ಅಡಿಗೊಮ್ಮೆ ಹಾರೆಯಿಂದ ಜಡಿಯಿರಿ. ಮೇಲಿನ ಅರ್ಧ ಅಡಿಗೆ ಮಾತ್ರ ಎರೆ ಮಣ್ಣು ಹಾಕಿ ದಿಬ್ಬ ಮಾಡಿ. ಇಲ್ಲವಾದರೆ ಗರಸಿನ ಗುಂಡಿ ಬಾವಿಯಂತೆ ನೀರು ಹಿಡಿಯುತ್ತದೆ. ಬಿರುಕು ಬಿಟ್ಟ ಮೇ ನೆಲಕ್ಕಿಂತ ತೊಗರಿ ರಾಶಿಯಾದ ಕೂಡಲೇ, ತೇವ ಇನ್ನೂ ಇರುವಾಗ ನೆಡುವುದು ಮೇಲು.

ನಿಮ್ಮ ಬೇಲಿಯ ನಿಜವಾದ ರೋಗ ಮೂಲೆಯಲ್ಲಿದೆ. ನಾಲ್ಕೆಳೆಯ ಎಳೆತವನ್ನು ಒಂಟಿ ಕಂಬ ತಾಳದು. ಮೂಲೆಯಿಂದ ಎರಡೂ ದಿಕ್ಕಿಗೆ ಏಳೆಂಟು ಅಡಿ ದೂರದಲ್ಲಿ ಒಂದೊಂದು ಜೊತೆ ಕಂಬ ನೆಟ್ಟು, ಮೇಲ್ಭಾಗದಲ್ಲಿ ಅಡ್ಡ ತೊಲೆ ಕೂಡಿಸಿ. ಆಮೇಲೆ ಜೊತೆ ಕಂಬದ ತಲೆಯಿಂದ ಮೂಲೆ ಕಂಬದ ಬುಡಕ್ಕೆ ಓರೆಯಾಗಿ ಜೋಡಿ ತಂತಿ ಸುತ್ತಿ, ನಡುವೆ ಕೋಲು ತೂರಿಸಿ ತಿರುಚಿ ಬಿಗಿ ಮಾಡಿ. ಇದನ್ನು ಉಲ್ಟಾ, ಅಂದರೆ ಮೂಲೆಯ ತಲೆಯಿಂದ ಜೊತೆ ಕಂಬದ ಬುಡಕ್ಕೆ ಕಟ್ಟುವವರೇ ಹೆಚ್ಚು. ಹಾಗೆ ಕಟ್ಟಿದ ತಂತಿ ಎಳೆತ ಬಿದ್ದಾಗ ಸಡಿಲವಾಗುತ್ತದೆಯೇ ಹೊರತು ಏನನ್ನೂ ಹಿಡಿಯುವುದಿಲ್ಲ.

ಪ್ರಶ್ನೆ: ಎರಡು ಎಕರೆಗೆ ಸಾಮಾನು ಎಷ್ಟು ಬೇಕು? ಯಾವ ಕಟ್ಟಿಗೆ?
– ಓದುಗರು, ಶಹಾಪುರ

ಉತ್ತರ: ಹೊಲ ಚೌಕವಾಗಿದ್ದರೆ ಸುತ್ತಳತೆ ಸುಮಾರು 360 ಮೀಟರ್. ಉದ್ದನೆಯ ಪಟ್ಟಿಯಾದರೆ ಹೆಚ್ಚು, ಟೇಪು ಹಿಡಿದೇ ಅಳೆಯಿರಿ. ಹತ್ತು ಅಡಿಗೊಂದರಂತೆ 120 ಕಂಬ, ಮೂಲೆಗಳಿಗೆ ಇನ್ನೆಂಟು, ಗೇಟಿಗೆ ಎರಡು. ನಾಲ್ಕೆಳೆಗೆ 1,440 ಮೀಟರ್ ತಂತಿ. 12 ಗೇಜಿನ ಜೋಡಿ ಎಳೆಯ ಮುಳ್ಳುತಂತಿ ಕಿಲೋಗೆ ಸುಮಾರು ಹತ್ತು ಮೀಟರ್ ಬರುತ್ತದೆ. ಗಂಟು, ಕಟಾವು ಸೇರಿ 155 ಕಿಲೋ ತನ್ನಿ. ಯು ಮೊಳೆ 600 ಸಾಕು. ಮೊಳೆಯನ್ನು ಕಟ್ಟಿಗೆಯ ನಾರಿಗೆ ಓರೆಯಾಗಿ ಹೊಡೆಯಿರಿ, ನೇರ ಹೊಡೆದರೆ ಸೀಳುತ್ತದೆ. ಸಾಲಿನ ಕಂಬಗಳಲ್ಲಿ ಪೂರ್ತಿ ಬಡಿಯದೆ ತಂತಿ ಜಾರುವಷ್ಟು ಬಿಡಿ. ಆಗ ದನ ಮೈ ಉಜ್ಜಿದರೂ ಒತ್ತಡ ಉದ್ದಕ್ಕೂ ಹಂಚಿಹೋಗುತ್ತದೆ.

ಕೆಚ್ಚು ತುಂಬಿದ ಕರಿಜಾಲಿ ಉತ್ತಮ. ಹಸಿ ನೀಲಗಿರಿ ಗೆದ್ದಲಿಗೆ ಊಟ. ಯಾವುದೇ ಆಗಲಿ, ತೊಗಟೆ ಸುಲಿದು ನೆರಳಲ್ಲಿ ಚೆನ್ನಾಗಿ ಒಣಗಿಸಿದ ಮೇಲಷ್ಟೇ ಬುಡಕ್ಕೆ, ನೆಲದಿಂದ ಅರ್ಧ ಅಡಿ ಮೇಲಿನವರೆಗೆ ಡಾಂಬರು ಬಳಿಯಿರಿ. ಹಸಿಗೇ ಬಳಿದರೆ ತೇವ ಒಳಗೇ ಉಳಿದು ತಿರುಳು ಕೊಳೆಯುತ್ತದೆ.

ಪ್ರಶ್ನೆ: ಹಂದಿ ಕಾಟ ವಿಪರೀತ. ಇದೇ ತಂತಿಗೆ ಮನೆ ಕರೆಂಟ್ ಕೊಡಬಹುದೇ?
– ಓದುಗರು, ಹುಮನಾಬಾದ್

ಉತ್ತರ: ಬೇಡವೇ ಬೇಡ. ಮನುಷ್ಯರೇ ಸಾಯುತ್ತಾರೆ, ಕೇಸೂ ಬೀಳುತ್ತದೆ. ಸೋಲಾರ್ ಬೇಲಿಯ ಯಂತ್ರವನ್ನೂ ಮುಳ್ಳುತಂತಿಗೆ ಜೋಡಿಸಬಾರದು. ಸಿಕ್ಕಿಕೊಂಡ ಪ್ರಾಣಿಗೆ ಬಿಡಿಸಿಕೊಳ್ಳಲು ಆಗದು. ಅದಕ್ಕೆ ಇನ್ಸುಲೇಟರ್ ಮೇಲೆ ಬೇರೆ ನುಣುಪು ತಂತಿಯೇ ಬೇಕು. ಹಂದಿ ಬೇಲಿ ಹಾರುವುದಕ್ಕಿಂತ ಅಡಿಯಲ್ಲಿ ಮೂತಿ ತೂರಿಸಿ ನುಗ್ಗುವುದೇ ಹೆಚ್ಚು. ಹಾಗಾಗಿ ಕೆಳಗಿನ ಮೂರು ಅಡಿಗೆ ಚೈನ್‌ಲಿಂಕ್ ಜಾಲರಿ ಕಟ್ಟಿ, ಅದರ ಅಂಚನ್ನು ಅರ್ಧ ಅಡಿ ಹೂತುಬಿಡಿ.