ಪ್ರತಿಕ್ರಿಯೆ: ಕಸೂತಿ, ಕೂಸು ಮತ್ತು ಅತ್ತೆಯವರ ಮುನಿಸು

ಸಹೋದರಿ, ಎರಡು ವರ್ಷದ ಕೂಸನ್ನು ಇಟ್ಟುಕೊಂಡು ಧಾರವಾಡದ ಮನೆಯಲ್ಲೇ ಕಸೂತಿ ಕೆಲಸ ಒಪ್ಪಿಕೊಳ್ಳಬಹುದೇ, ಅತ್ತೆಯವರ ಮುನಿಸಿಗೆ ಏನು ಮಾಡಬೇಕು ಎಂದು ಕೇಳಿದ್ದೀರಿ. ಒಪ್ಪಿಕೊಳ್ಳಿ; ಆದರೆ ಇಡೀ ಸೀರೆ ಈಗಲೇ ಬೇಡ, ಕುಪ್ಪಸ, ಕುಂಚಿಗೆಗಳಂಥ ಚಿಕ್ಕವು ಸಾಕು. ಕಸೂತಿಯ ಗವಂತಿ (ನೇರ ಗೆರೆಯದು), ಮುರಗಿ (ಮೆಟ್ಟಿಲಿನಂತೆ ಅಂಕುಡೊಂಕಾಗಿ ಸಾಗುವುದು) ಹೊಲಿಗೆಗಳಲ್ಲಿ ಬಟ್ಟೆಯ ಎಳೆಗಳನ್ನು ಎಣಿಸಿಯೇ ಸೂಜಿ ಹಾಕಬೇಕಾದ್ದರಿಂದ ಮತ್ತು ಎರಡೂ ಬದಿ ಒಂದೇ ರೀತಿ ಕಾಣಬೇಕಾದ್ದರಿಂದ, ನಡುವೆ ಕೂಸು ಅತ್ತರೆ ಎಣಿಕೆ ತಪ್ಪಿ ಎಲ್ಲವನ್ನೂ ಬಿಚ್ಚಬೇಕಾಗುತ್ತದೆ (ಒಂದೇ ಗೋಪುರದ ಚಿತ್ತಾರವನ್ನು ನಾನು ಮೂರು ಸಲ ಬಿಚ್ಚಿದ್ದೇನೆ). ಅವನ್ನು ಕೂಸು ಮಲಗಿದಾಗಲೇ ಹಿಡಿಯಿರಿ. ತಗಲಿದ ತಾಸುಗಳನ್ನು ಬರೆದಿಟ್ಟು ದರ ಹೇಳಿ. ಅತ್ತೆಯವರ ಮುನಿಸು, ನನ್ನ ಅಂದಾಜಿನಲ್ಲಿ, ಕಸೂತಿಯ ಮೇಲಿನದಲ್ಲ, ಕೂಸನ್ನು ಹೇಳದೆ ಕೇಳದೆ ಅವರ ಮಡಿಲಿಗೆ ಹಾಕುವುದರ ಮೇಲಿನದು. ಮಧ್ಯಾಹ್ನ ಎರಡು ತಾಸು ನೋಡಿಕೊಳ್ಳುವಿರಾ ಎಂದು ಅವರನ್ನೇ ಕೇಳಿ, ಮೊದಲ ಗಳಿಕೆಯನ್ನು ಅವರ ಕೈಗೇ ಕೊಡಿ.